ಪೋಸ್ಟ್‌ಗ್ರೆಸ್‌ಗೆ ಮೊದಲ ಕೊಡುಗೆ: ಪ್ಯಾಚ್ ಬರೆಯುವ ಮುಂಚೆ ಪ್ಯಾಚ್ ಓದಿ

ಪೋಸ್ಟ್‌ಗ್ರೆಸ್ ಡೇಟಾಬೇಸ್ ಯಾವ ಕಂಪನಿಯ ಸ್ವತ್ತೂ ಅಲ್ಲ. 1986ರಲ್ಲಿ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಶುರು ಮಾಡಿದ ಕೆಲಸವನ್ನು 1996ರಿಂದ ಹಲವು ದೇಶಗಳ ಪ್ರೋಗ್ರಾಮರ್‌ಗಳು ಸೇರಿ ಬೆಳೆಸುತ್ತಿದ್ದಾರೆ. ನೀವೂ ಸೇರಬಹುದು. ಆದರೆ ಮೊದಲ ದಿನವೇ ಹೊಸ ಫೀಚರ್ ಬರೆಯಲು ಕೂರಬೇಡಿ. ಬೇರೆಯವರ ಪ್ಯಾಚನ್ನು, ಅಂದರೆ ಕೋಡಿಗೆ ಅವರು ಸೂಚಿಸಿದ ಬದಲಾವಣೆಯ ಫೈಲನ್ನು, ಪರೀಕ್ಷಿಸಿ ನೋಡಿ. ಬರೆಯುವವರು ಅಲ್ಲಿ ಜಾಸ್ತಿ, ಓದಿ ಹೇಳುವವರು ಕಡಿಮೆ.

ಕೋಡ್ ಸಿ ಭಾಷೆಯಲ್ಲಿದೆ. ಕೋಡಿನ ಬದಲಾವಣೆಗಳ ಲೆಕ್ಕವಿಡುವ ಸಾಧನ ಗಿಟ್. ಪ್ರಾಜೆಕ್ಟಿನ ಗಿಟ್ ಸರ್ವರ್‌ನಿಂದ ಕ್ಲೋನ್ ಮಾಡಿಕೊಳ್ಳಿ, ಅಂದರೆ ಪೂರ್ತಿ ಕೋಡನ್ನು ಇಳಿಸಿಕೊಳ್ಳಿ. ಗಿಟ್‌ಹಬ್‌ನಲ್ಲಿರುವುದು ಅದರ ನಕಲು ಅಷ್ಟೇ, ಅಲ್ಲಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಹಾಕಿದರೆ ನಡೆಯುವುದಿಲ್ಲ. ಲಿನಕ್ಸ್‌ನಲ್ಲಿ ಜಿಸಿಸಿ, ಬೈಸನ್, ಫ್ಲೆಕ್ಸ್, ಪರ್ಲ್ ಹಾಕಿಕೊಂಡು ಬಿಲ್ಡ್ ಮಾಡಿ, ಅಂದರೆ ಕೋಡನ್ನು ಓಡುವ ಪ್ರೋಗ್ರಾಂ ಆಗಿಸಿ. ಕಾನ್ಫಿಗರ್ ಮಾಡುವಾಗ ಡೀಬಗ್ ಜೊತೆಗೆ, ಕೋಡ್ ಓಡುವಾಗ ತನ್ನನ್ನೇ ತಪಾಸಣೆ ಮಾಡಿಕೊಳ್ಳುವ ಸಿ-ಅಸರ್ಟ್ ಆಯ್ಕೆಯನ್ನೂ ಕೊಡಿ. ಅದಿಲ್ಲದಿದ್ದರೆ ಕೆಲವು ತಪ್ಪುಗಳು ಕಣ್ಣಿಗೇ ಬೀಳುವುದಿಲ್ಲ. ಕೊನೆಗೆ ‘ಮೇಕ್ ಚೆಕ್’ ಓಡಿಸಿ. ಎಲ್ಲ ಟೆಸ್ಟ್ ಪಾಸಾದರೆ ಮುಂದಕ್ಕೆ ಹೋಗಬಹುದು.

ಬಂದ ಪ್ಯಾಚ್‌ಗಳನ್ನು ಪರಿಶೀಲಿಸಲು ಕಮಿಟ್‌ಫೆಸ್ಟ್ ಎಂಬ ಅವಧಿಗಳಿವೆ: ಜುಲೈ, ಸೆಪ್ಟೆಂಬರ್, ನವೆಂಬರ್, ಜನವರಿ, ಮಾರ್ಚ್. ಆ ಪಟ್ಟಿಯಲ್ಲಿ ‘ನೀಡ್ಸ್ ರಿವ್ಯೂ’ (ಪರಿಶೀಲನೆ ಬೇಕು) ಎಂದಿರುವ ಒಂದು ಚಿಕ್ಕ ಪ್ಯಾಚ್ ಆರಿಸಿ. ಪ್ರಾಜೆಕ್ಟಿನ ಮೇಲಿಂಗ್ ಲಿಸ್ಟಿನಲ್ಲಿ ನಡೆದ ಅದರ ಇಮೇಲ್ ಚರ್ಚೆಯನ್ನು ಮೊದಲಿನಿಂದ ಓದಿ. ಆಗಲೇ ಬಗೆಹರಿದ ಪ್ರಶ್ನೆಯನ್ನು ಮತ್ತೆ ಕೇಳಿದರೆ ಎಲ್ಲರ ಸಮಯವೂ ಹಾಳು, ಅಲ್ವಾ?

ಈಗ ನಿಜವಾದ ಕೆಲಸ. ‘ಗಿಟ್ ಆಮ್’ (git am) ಆಜ್ಞೆಯಿಂದ ಪ್ಯಾಚನ್ನು ನಿಮ್ಮ ಕೋಡಿಗೆ ಹಚ್ಚಿ. ಹತ್ತಲಿಲ್ಲವೇ? ಅದನ್ನು ತಿಳಿಸುವುದೂ ಉಪಯುಕ್ತ ರಿವ್ಯೂ. ಹತ್ತಿದರೆ ಬಿಲ್ಡ್ ಮಾಡಿ, ಎಚ್ಚರಿಕೆ ಸಂದೇಶ ಬಂತೇ ನೋಡಿ, ಟೆಸ್ಟ್ ಓಡಿಸಿ. ಆಮೇಲೆ ಪೀಡಿಸಲು ಶುರು ಮಾಡಿ. ನಲ್ (ಬೆಲೆಯೇ ಇಲ್ಲದ ಜಾಗ) ಕೊಡಿ, ಖಾಲಿ ಟೇಬಲ್ ಕೊಡಿ, ಋಣ ಸಂಖ್ಯೆ ಕೊಡಿ, ಕನ್ನಡ ಅಕ್ಷರ ಕೊಡಿ. ಕೈಪಿಡಿಯಲ್ಲಿ ಬರೆದಂತೆಯೇ ನಡೆಯುತ್ತಿದೆಯೇ? ಹೊಸ ವರ್ತನೆಗೆ ಟೆಸ್ಟ್ ಸೇರಿಸಿದ್ದಾರೆಯೇ? ಇಷ್ಟಕ್ಕೆ ಡೇಟಾಬೇಸಿನ ಒಳಗುಟ್ಟು ಗೊತ್ತಿರಬೇಕಿಲ್ಲ, ತಾಳ್ಮೆ ಸಾಕು.

ಕಂಡದ್ದನ್ನು ಅದೇ ಚರ್ಚೆಗೆ ಇಮೇಲ್ ಮಾಡಿ. ಪ್ಯಾಚಿನ ಎಷ್ಟನೇ ಆವೃತ್ತಿ, ಯಾವ ಕಮಿಟ್ (ಗಿಟ್ಟಿನಲ್ಲಿ ದಾಖಲಾದ ಬದಲಾವಣೆ) ಮೇಲೆ ಹಚ್ಚಿದಿರಿ, ಯಾವ ಆಪರೇಟಿಂಗ್ ಸಿಸ್ಟಂ, ಏನು ಮಾಡಿದಿರಿ, ಏನಾಯಿತು ಎಂದು ಬರೆಯಿರಿ. ಸುಮ್ನೆ ‘ಚೆನ್ನಾಗಿದೆ’ ಎಂದರೆ ಬರೆದವರಿಗೆ ಉಪಯೋಗವಿಲ್ಲ. ಹಳೆಯ ಮೇಲ್‌ನ ಬೇಕಾದ ಸಾಲುಗಳನ್ನಷ್ಟೇ ಉಳಿಸಿಕೊಂಡು, ಅವುಗಳ ಕೆಳಗೆ ಉತ್ತರಿಸುವುದು ಅಲ್ಲಿನ ರೂಢಿ. ಪ್ಯಾಚ್ ಸೇರಿದಾಗ ಕಮಿಟ್ ಸಂದೇಶದಲ್ಲಿ ರಿವ್ಯೂ ಮಾಡಿದವರ ಹೆಸರನ್ನೂ ಹಾಕುತ್ತಾರೆ.

ಇಷ್ಟು ಮಾಡುವಷ್ಟರಲ್ಲಿ ನಿಮ್ಮದೇ ಪ್ಯಾಚಿಗೆ ವಿಷಯ ಸಿಕ್ಕಿರುತ್ತದೆ. ಕೈಪಿಡಿಯಲ್ಲಿ ಅರ್ಥವಾಗದ ಒಂದು ಸಾಲು, ಇಲ್ಲದ ಒಂದು ಟೆಸ್ಟ್, ಗೊಂದಲ ಹುಟ್ಟಿಸುವ ದೋಷ ಸಂದೇಶ, ಏನಾದರೂ ಆದೀತು. ‘ಗಿಟ್ ಫಾರ್ಮ್ಯಾಟ್-ಪ್ಯಾಚ್’ನಿಂದ ಫೈಲ್ ಮಾಡಿ, ಇಮೇಲ್‌ಗೆ ಲಗತ್ತಿಸಿ ಅದೇ ಮೇಲಿಂಗ್ ಲಿಸ್ಟಿಗೆ ಕಳಿಸಿ. ಮುಂದಿನ ಕಮಿಟ್‌ಫೆಸ್ಟ್ ಪಟ್ಟಿಗೂ ಸೇರಿಸಿ, ಇಲ್ಲದಿದ್ದರೆ ಮೇಲ್‌ಗಳ ರಾಶಿಯಲ್ಲಿ ಕಳೆದುಹೋಗಬಹುದು. ತಿದ್ದಲು ಹೇಳಿದರೆ ತಿದ್ದಿ, ವಿ2 (ಎರಡನೇ ಆವೃತ್ತಿ) ಎಂದು ಹೆಸರಿಟ್ಟು ಮತ್ತೆ ಕಳಿಸಿ.