ರಿಟರ್ನ್ ಕೋಡ್ ಸೊನ್ನೆ, ಆದರೂ ಎಸ್‌0ಸಿ4

ಮೈಸೂರಿನ ಹೆಬ್ಬಾಳದಲ್ಲಿ ನಮ್ಮ ಆಫೀಸು. ಐಬಿಎಂ ಮೇನ್‌ಫ್ರೇಮ್‌ನ ಝಡ್/ಓಎಸ್‌ನಲ್ಲಿ ಓಡುವ ಹಳೆಯ ಸಿ ಪ್ರೋಗ್ರಾಮ್ ಒಂದನ್ನು 31 ಬಿಟ್‌ನಿಂದ 64ಕ್ಕೆ ದಾಟಿಸುವ ಕೆಲಸ ನನ್ನ ಪಾಲಿಗೆ ಬಂತು. 64 ಬಿಟ್ ಬೇಕು ಅಂತ ಹೇಳುವ ಎಲ್‌ಪಿ64 ಆಪ್ಷನ್ ಹಾಕಿ ಕಂಪೈಲ್ ಮಾಡಿದೆ. ರಿಟರ್ನ್ ಕೋಡ್ ಸೊನ್ನೆ, ಅಂದರೆ ಕಂಪೈಲರ್ ಕಣ್ಣಿಗೆ ತಪ್ಪೇನಿಲ್ಲ. ಖುಷಿಯಲ್ಲಿ ಕಾಫಿ ಕುಡಿದು ಬಂದು ರನ್ ಮಾಡಿದರೆ ಎಸ್‌0ಸಿ4 ಅಬೆಂಡ್! ಅಂದರೆ ಪ್ರೋಗ್ರಾಮ್ ತನ್ನದಲ್ಲದ ಮೆಮೊರಿಗೆ ಕೈ ಹಾಕಿ ಅರ್ಧದಲ್ಲೇ ಬಿದ್ದಿದೆ.

ಎರಡು ದಿನ ಡಂಪ್ (ಬಿದ್ದ ಕ್ಷಣದ ಮೆಮೊರಿಯ ನಕಲು) ನೋಡಿದ್ದೇ ಬಂತು. ಸುಮ್ನೆ, ಮೆಮೊರಿ ಕೊಡಿಸುವ ಮಲಾಕ್ ಮೇಲೆ ಅನುಮಾನಪಟ್ಟೆ. ಕೊನೆಗೆ ಲಿಸ್ಟ್ ಆಪ್ಷನ್ ಕೊಟ್ಟು ಕಂಪೈಲರ್ ಹುಟ್ಟಿಸಿದ ಅಸೆಂಬ್ಲಿ ತೆಗೆಸಿದೆ. ಬೇರೆ ಫೈಲಿನಲ್ಲಿದ್ದ ನಮ್ಮದೇ ಫಂಕ್ಷನ್ ಒಂದನ್ನು ಕರೆದ ಮೇಲೆ ಎಲ್‌ಜಿಎಫ್‌ಆರ್ ಅಂತ ಒಂದು ಸಾಲು. 32 ಬಿಟ್ ನಂಬರನ್ನು 64ಕ್ಕೆ ಹಿಗ್ಗಿಸುವ ಇನ್‌ಸ್ಟ್ರಕ್ಷನ್ ಅದು. ಆ ಫಂಕ್ಷನ್ ಕೊಡೋದು ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ. ಅಲ್ಲಿ ಇದಕ್ಕೇನು ಕೆಲಸ?

ಆಗ ಹೊಳೆಯಿತು. ಫಂಕ್ಷನ್ ಏನು ತಗೊಂಡು ಏನು ಕೊಡುತ್ತೆ ಅಂತ ಮೊದಲೇ ಹೇಳುವ ಪ್ರೋಟೋಟೈಪೇ ಇರಲಿಲ್ಲ! ಸಿ89 ಪದ್ಧತಿಯಲ್ಲಿ ಡಿಕ್ಲರೇಷನ್ ಕಾಣದಿದ್ದರೆ ಕಂಪೈಲರ್ ‘ಇಂಟ್ (ಪೂರ್ಣಾಂಕ) ಕೊಡುತ್ತೆ ಬಿಡು’ ಅಂದುಕೊಂಡು ಮುಂದೆ ಹೋಗುತ್ತದೆ. 1999ರ ಸ್ಟ್ಯಾಂಡರ್ಡ್ ಈ ಧಾರಾಳತನ ತೆಗೆದುಹಾಕಿತು, ಆದರೆ ನಮ್ಮ ಕೋಡ್ ಅದಕ್ಕಿಂತ ಹಿರಿಯದು. 31 ಬಿಟ್‌ನಲ್ಲಿ ಇಂಟ್, ಪಾಯಿಂಟರ್ ಎರಡೂ 4 ಬೈಟ್. ಇಷ್ಟು ವರ್ಷ ಬಂಡಿ ಓಡಿದ್ದು ಹಾಗೆ. 64ರಲ್ಲಿ ಪಾಯಿಂಟರ್ 8 ಬೈಟ್, ಇಂಟ್ ಮಾತ್ರ 4ರಲ್ಲೇ. ಮಲಾಕ್ ಮೆಮೊರಿ ಕೊಡುವ ಹೀಪ್ ಇರೋದು 2 ಜಿಬಿ ಗೆರೆಯಿಂದ ಆಚೆ, ವಿಳಾಸದ ಮೇಲಿನ ಅರ್ಧ ಹೋದರೆ ಕಥೆ ಮುಗೀತು. ಕುವೆಂಪುನಗರವೋ ವಿಜಯನಗರವೋ ಹೇಳದೆ ‘ನಾಲ್ಕನೇ ಕ್ರಾಸ್’ ಅಂದರೆ ಆಟೋದವರು ಎಲ್ಲಿಗೆ ಬರಬೇಕು?

ಕಂಪೈಲರ್ ಯಾಕೆ ಎಚ್ಚರಿಸಲಿಲ್ಲ? ಯಾರೋ ಪುಣ್ಯಾತ್ಮರು ಕರೆಯುವ ಕಡೆಯೆಲ್ಲ ‘ಇದು ಕ್ಯಾರ್ ಪಾಯಿಂಟರೇ’ ಅಂತ ಕಂಪೈಲರ್‌ಗೆ ಒತ್ತಾಯದಿಂದ ಒಪ್ಪಿಸುವ ಕಾಸ್ಟ್ ಹಾಕಿಟ್ಟಿದ್ದರು. ಬಾಯಿಗೆ ಬಟ್ಟೆ ತುರುಕಿದ ಹಾಗೆ. ನನ್ನ ಮಟ್ಟಿಗೆ ಪ್ರೋಟೋಟೈಪ್ ಮರೆತದ್ದಕ್ಕಿಂತ ಇದೇ ಜಾಸ್ತಿ ಸಿಟ್ಟು ತರಿಸಿತು.

ಇನ್ಫೋ ಆಪ್ಷನ್‌ಗೆ ಪಿಆರ್‌ಓ ಕೊಟ್ಟು ಮತ್ತೆ ಕಂಪೈಲ್ ಮಾಡಿದೆ. ಸಿಸಿಎನ್3304 ಸಾಲುಸಾಲಾಗಿ ಬಂತು. ‘ಪ್ರೋಟೋಟೈಪ್ ಕೊಟ್ಟಿಲ್ಲ’ ಅನ್ನೋ ಮೆಸೇಜ್ ಅದು. ನಮ್ಮ ಫಂಕ್ಷನ್‌ಗಳಿಗೆಲ್ಲ ಪ್ರೋಟೋಟೈಪ್ ಒಟ್ಟಿಗಿಟ್ಟ ಒಂದು ಹೆಡರ್ ಫೈಲ್ ಬರೆದೆ. ಪಟ್ಟಿಯಲ್ಲಿ ಸ್ಟ್ರ್‌ಡಪ್ (ಸ್ಟ್ರಿಂಗ್ ನಕಲು ಮಾಡುವ ಲೈಬ್ರರಿ ಫಂಕ್ಷನ್) ಮಾತ್ರ ಉಳಿಯಿತು.

ಅದರ ಪ್ರೋಟೋಟೈಪ್ ಇರುವ ಸ್ಟ್ರಿಂಗ್ ಹೆಡರ್ ಸೇರಿಸಿದ್ದರೂ ಹೀಗೆ! ಝಡ್/ಓಎಸ್‌ನಲ್ಲಿ ಎಕ್ಸ್‌ಓಪನ್ ಸೋರ್ಸ್ ಎಕ್ಸ್‌ಟೆಂಡೆಡ್ ಮ್ಯಾಕ್ರೋ ಡಿಫೈನ್ ಮಾಡಿದರೆ ಸ್ಟ್ರ್‌ಡಪ್ ಕಾಣಿಸುತ್ತದೆ. ಡಿಫೈನ್ ಕೂಡ ಇತ್ತು, ಆದರೆ ಸ್ಟ್ಯಾಂಡರ್ಡ್ ಐಓ ಹೆಡರ್‌ನ ಕೆಳಗೆ. ಮೊದಲ ಹೆಡರ್ ಒಳಗೆ ಬಂದಾಗಲೇ ಯಾವುದು ಕಾಣಬೇಕು ಅನ್ನೋದು ತೀರ್ಮಾನ ಆಗಿಬಿಡುತ್ತದೆ. ಆ ಒಂದು ಸಾಲನ್ನು ಫೈಲಿನ ತಲೆಗೆ ಏರಿಸಿದೆ, ಕಾಸ್ಟ್‌ಗಳನ್ನೆಲ್ಲ ಅಳಿಸಿದೆ, ಜಾಬ್ ಸಬ್ಮಿಟ್ ಮಾಡಿದೆ. ಅಬೆಂಡ್ ಇಲ್ಲದೆ ಮುಗಿಯಿತು.