ಅವ್ವನ ಕೈಗೆ ಸ್ಮಾರ್ಟ್‌ವಾಚ್ ಕಟ್ಟುವ ಮೊದಲು ಬಳೆ, ಹಚ್ಚೆ ನೋಡಿ

ಬೆಂಗಳೂರಿನಿಂದ ಮಗ ವಾಚ್ ಕಳಿಸುತ್ತಾನೆ. ಇಲ್ಲಿ ರಾಯಚೂರಿನಲ್ಲಿ ಅವ್ವ ಅದನ್ನು ಬಳೆಗಳ ನಡುವೆ ಸಡಿಲವಾಗಿ ಹಾಕಿಕೊಳ್ಳುತ್ತಾಳೆ. ಮರುದಿನ ಸುಮ್ನೆ ಕೂತಿದ್ದರೂ ಬಡಿತ 140 ಅಂತ ತೋರಿಸುತ್ತದೆ, ಮನೆಮಂದಿಗೆಲ್ಲ ಗಾಬರಿ. ನಮ್ಮ ಮನೆಯಲ್ಲೂ ಹೀಗೇ ಆಯಿತು, ಓಣಿಯಲ್ಲೂ ನೋಡಿದ್ದೇನೆ.

ಚಾರ್ಜ್, ಆಪ್, ಬ್ಲೂಟೂತ್ ಎಲ್ಲ ಅಂಗಡಿಯವರೇ ಮಾಡಿಕೊಡುತ್ತಾರೆ. ವಯಸ್ಸು, ತೂಕ, ಎತ್ತರ ಮಾತ್ರ ಅವ್ವನದ್ದೇ ಹಾಕಿ. ಮಗನ ಹಳೆ ವಾಚ್ ಆಗಿದ್ದರೆ ಅವನ ವಿವರ ಪೂರ್ತಿ ಅಳಿಸಿ.

ಎಲ್ಲರೂ ತಪ್ಪುವುದು ಕಟ್ಟುವಾಗ. ವಾಚ್ ಹಿಂದೆ ಹಸಿರು ಬೆಳಕು ಮಿನುಗುತ್ತದಲ್ವಾ? ರಕ್ತ ಆ ಬೆಳಕನ್ನು ಹೀರುತ್ತದೆ. ಪ್ರತಿ ಬಡಿತಕ್ಕೂ ಚರ್ಮದ ಕೆಳಗೆ ರಕ್ತ ಜಾಸ್ತಿಯಾಗಿ, ವಾಪಸ್ ಬರುವ ಬೆಳಕು ಕಡಿಮೆಯಾಗುತ್ತದೆ. ಈ ಏರಿಳಿತದಲ್ಲಿ ಬಡಿತ ಯಾವುದು, ಕೈ ಅಲ್ಲಾಡಿದ್ದು ಯಾವುದು ಅಂತ ವಾಚ್‌ನೊಳಗಿನ ಲೆಕ್ಕ ಬೇರ್ಪಡಿಸುತ್ತದೆ. ಬಡಿತದ ಲಯ ತಪ್ಪಿದ್ದನ್ನು ಗುರುತಿಸಲು ಎಐ ಬಳಸುವ ವಾಚ್‌ಗೂ ಇದೇ ಬೆಳಕು ಆಧಾರ. ವಾಚ್ ಜಾರಿದರೆ ಎಲ್ಲವೂ ತಪ್ಪು. ಮುಂಗೈ ಮೂಳೆಗಿಂತ ಒಂದು ಬೆರಳು ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟಿ, ಆದರೆ ಚರ್ಮದ ಮೇಲೆ ಆಳವಾದ ಗುರುತು ಬೀಳಬಾರದು. ಬಳೆ ತೆಗೆಯಿರಿ ಅಂತ ಒತ್ತಾಯ ಬೇಡ. ಬಳೆ ಅಂಗೈ ಕಡೆ ಇರಲಿ, ವಾಚ್ ಮೊಣಕೈ ಕಡೆ. ಇನ್ನೊಂದು, ಹಚ್ಚೆ. ಅದರ ಬಣ್ಣ ಬೆಳಕನ್ನು ತಡೆಯುತ್ತದೆ. ನಮ್ಮ ಅವ್ವನ ಬಲಗೈ ತುಂಬಾ ಹಸಿರು ಹಚ್ಚೆ, ಅದರ ಮೇಲೇ ವಾಚ್ ಕಟ್ಟಿದ್ದೆವು. ಎಡಗೈಗೆ ಬದಲಿಸಿದ ಮೇಲೆ ಅಂಕಿ 76ಕ್ಕೆ ಬಂದು ನಿಂತಿತು. ಬೇಸಿಗೆಯಲ್ಲಿ ಬೆವರು ಒರೆಸಿ ಕಟ್ಟಿ.

ನಂಬುವ ಮೊದಲು ಒಂದು ಪರೀಕ್ಷೆ ಮಾಡಿ. ಅವ್ವನನ್ನು ಐದು ನಿಮಿಷ ಕೂರಿಸಿ, ನಾಡಿ ಹಿಡಿದು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ವಾಚ್‌ನ ಅಂಕಿ ಅದರ ಹತ್ತಿರ ಇದ್ದರೆ ಸರಿಯಾಗಿ ಕೂತಿದೆ ಅಂತ. ಕೂತಾಗ ದೊಡ್ಡವರ ಬಡಿತ ಸಾಮಾನ್ಯವಾಗಿ 60ರಿಂದ 100. ಲಯ ತಪ್ಪಿದೆ ಎಂಬ ಸೂಚನೆ ಬಂದರೆ ದಿನ, ಹೊತ್ತು ಬರೆದುಕೊಂಡು ಡಾಕ್ಟರಿಗೆ ತೋರಿಸಿ. ಎದೆನೋವು ಬಂದರೆ ವಾಚ್ ನೋಡುತ್ತಾ ಕೂರಲೇಬೇಡಿ, 108ಕ್ಕೆ ಫೋನ್ ಮಾಡಿ. ಹೃದಯಾಘಾತ ಕಂಡುಹಿಡಿಯುವುದು ಈ ವಾಚ್‌ಗಳ ಕೆಲಸವಲ್ಲ.

ಸೂಜಿ ಚುಚ್ಚದೆ ಶುಗರ್ ತೋರಿಸುತ್ತೇವೆ ಅನ್ನುವ ವಾಚ್, ಉಂಗುರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲೇ ಇವುಗಳ ಬಗ್ಗೆ ಎಚ್ಚರಿಸಿದೆ. ಅದರ ಅಂಕಿ ನಂಬಿ ಇನ್ಸುಲಿನ್ ಜಾಸ್ತಿ ತಗೊಂಡರೆ ಜೀವಕ್ಕೇ ಅಪಾಯ.

ಅವ್ವ ಬಿದ್ದರೆ ತಾನಾಗಿಯೇ ಕರೆ ಮಾಡುವ ಸೌಲಭ್ಯ ಎಲ್ಲ ವಾಚ್‌ನಲ್ಲೂ ಇರುವುದಿಲ್ಲ. ಇದ್ದರೆ ಆನ್ ಮಾಡಿ, ನಿಮ್ಮ ನಂಬರ್ ಜೊತೆ ಪಕ್ಕದ ಮನೆಯವರದ್ದೂ ಹಾಕಿ, ಯಾಕಂದ್ರೆ ಬೆಂಗಳೂರಿನಿಂದ ಓಡಿಬರಲು ಆಗುವುದಿಲ್ಲ. ಸಿಮ್ ಇಲ್ಲದ ವಾಚ್ ಕರೆ ಮಾಡುವುದು ಫೋನಿನ ಮೂಲಕವೇ. ಬೇಸಿಗೆಯಲ್ಲಿ ಅವ್ವ ಮಾಳಿಗೆ ಮೇಲೆ ಮಲಗಲು ಹೋದರೆ, ನೀರಿನ ತಂಬಿಗೆ ಜೊತೆ ಫೋನನ್ನೂ ದಿಂಬಿನ ಪಕ್ಕ ಇಟ್ಟು ಬನ್ನಿ.