ಎರಡು ಹೆಸರು ಹೇಳಿ: ಬಲದ ಪಾಠ ನಾನು ಮಾಡುವ ಬಗೆ

ಬಲದ ಪಾಠವನ್ನು ನಾನು ವ್ಯಾಖ್ಯೆಯಿಂದ ಶುರು ಮಾಡುವುದಿಲ್ಲ. ಹಲಗೆಯ ಮೇಲೆ ‘ಸಂಪರ್ಕ ಬಲ’, ‘ಕ್ಷೇತ್ರ ಬಲ’ ಎಂದು ಎರಡು ಕಾಲಂ ಎಳೆದರೆ ಮಕ್ಕಳು ಚೆಂದವಾಗಿ ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಹಾಗೆಯೇ ಇಳಿಸಿ ಅಂಕವನ್ನೂ ತೆಗೆಯುತ್ತಾರೆ. ಆಮೇಲೆ ಒಂದು ಚೆಂಡನ್ನು ಮೇಲಕ್ಕೆ ಎಸೆದು, ಅದು ಗಾಳಿಯಲ್ಲಿರುವಾಗ ಅದರ ಮೇಲೆ ಯಾವ್ಯಾವ ಬಲಗಳಿವೆ ಎಂದು ಕೇಳಿ ನೋಡಿ. ಅರ್ಧ ತರಗತಿ ‘ಎಸೆದ ಬಲ’ ಎನ್ನುತ್ತದೆ. ಪಟ್ಟಿ ಬಾಯಿಗೆ ಬಂದಿದೆ, ಬಲ ಮಾತ್ರ ತಲೆಗೆ ಹತ್ತಿಲ್ಲ.

ಹಾಗಾಗಿ ಆರನೆಯ ತರಗತಿಯಾಗಲಿ ಎಂಟನೆಯದಾಗಲಿ, ನಾನು ಇಟ್ಟುಕೊಂಡಿರುವ ನಿಯಮ ಒಂದೇ. ಬಲದ ಹೆಸರು ಹೇಳುವವರು ಎರಡು ಹೆಸರು ಹೇಳಬೇಕು: ತಳ್ಳುವುದು ಅಥವಾ ಎಳೆಯುವುದು ಯಾವುದು, ತಳ್ಳಿಸಿಕೊಳ್ಳುವುದು ಯಾವುದು. ‘ಘರ್ಷಣೆ’ ಅಂದರೆ ಸಾಲದು, ‘ನೆಲ ಪೆಟ್ಟಿಗೆಯನ್ನು ಹಿಂದಕ್ಕೆ ತಡೆಯುತ್ತಿದೆ’ ಅನ್ನಬೇಕು. ‘ಗುರುತ್ವ’ ಅಂದರೆ ಸಾಲದು, ‘ಭೂಮಿ ಪೆಟ್ಟಿಗೆಯನ್ನು ಕೆಳಕ್ಕೆ ಎಳೆಯುತ್ತಿದೆ’ ಅನ್ನಬೇಕು. ಎರಡೂ ಹೆಸರು ಬಂದ ಮೇಲೆ ಇನ್ನೊಂದೇ ಪ್ರಶ್ನೆ ಉಳಿಯುತ್ತದೆ: ಅವೆರಡೂ ಮುಟ್ಟಿಕೊಂಡಿವೆಯೇ? ಮುಟ್ಟಿಕೊಂಡಿದ್ದರೆ ಸಂಪರ್ಕ ಬಲ, ಇಲ್ಲದಿದ್ದರೆ ಕ್ಷೇತ್ರ ಬಲ. ವರ್ಗೀಕರಣ ಅಲ್ಲಿಗೆ ಮುಗಿಯಿತು.

ಕಾಗದದ ಮೇಲೆ ಇದನ್ನು ಹೀಗೆ ಮಾಡಿಸುತ್ತೇನೆ. ನಾವು ವಿಚಾರಿಸುತ್ತಿರುವ ವಸ್ತುವಿನ ಸುತ್ತ ಪೆನ್ಸಿಲಿನಿಂದ ಒಂದು ಗೆರೆ. ಆ ಗೆರೆಯನ್ನು ಹೊರಗಿನಿಂದ ಏನೇನು ಮುಟ್ಟುತ್ತಿದೆಯೋ ಅಲ್ಲೆಲ್ಲ ಒಂದೊಂದು ಚುಕ್ಕೆ. ಸಂಪರ್ಕ ಬಲ ಇರುವುದಾದರೆ ಆ ಚುಕ್ಕೆಗಳಲ್ಲೇ ಇರಬೇಕು. ಚುಕ್ಕೆ ಮುಗಿದ ಮೇಲೆ ಮುಟ್ಟದೆ ಎಳೆಯುವವರನ್ನು ಕೇಳುವುದು: ಗುರುತ್ವ ಇದೆಯೇ, ಕಾಂತೀಯ ಬಲ ಇದೆಯೇ, ಸ್ಥಿರವಿದ್ಯುತ್ತಿನ ಬಲ ಇದೆಯೇ? ಈ ಮಟ್ಟದಲ್ಲಿ ಕ್ಷೇತ್ರ ಬಲಗಳು ಮೂರೇ ಆಗಿರುವುದರಿಂದ ಯಾವುದೂ ತಪ್ಪಿಸಿಕೊಳ್ಳುವುದಿಲ್ಲ.

ಗಾಳಿಯಲ್ಲಿರುವ ಚೆಂಡಿಗೆ ಇದನ್ನು ಹಚ್ಚಿದಾಗ ಜಗಳ ಶುರುವಾಗುತ್ತದೆ. ಚೆಂಡನ್ನು ಮುಟ್ಟುತ್ತಿರುವುದು ಗಾಳಿ ಒಂದೇ. ‘ಸರ್, ಕೈ ಕೊಟ್ಟ ಬಲ ಚೆಂಡಿನೊಳಗೆ ಇನ್ನೂ ಇರುತ್ತಲ್ಲ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನು ಉತ್ತರ ಹೇಳುವುದಿಲ್ಲ, ‘ಯಾರು ತಳ್ಳುತ್ತಿದ್ದಾರೆ, ಹೆಸರು ಹೇಳು’ ಅನ್ನುತ್ತೇನೆ. ‘ಕೈ’ ಎಂದರೆ ಕೈ ಎಲ್ಲಿದೆ ತೋರಿಸು. ಚೆಂಡಿಗೆ ಈಗ ಇರುವುದು ವೇಗ, ಬಲವಲ್ಲ. ಕೈಯ ಬಲ ಕೈ ಬಿಟ್ಟ ಕ್ಷಣಕ್ಕೇ ಮುಗಿಯಿತು. ಇದನ್ನು ಒಪ್ಪಿಕೊಳ್ಳಲು ಮಕ್ಕಳಿಗೆ ಸಮಯ ಬೇಕು. ಒಂದೇ ಪಿರಿಯಡ್ಡಿನಲ್ಲಿ ಒಪ್ಪಿದರೆ ಅವರು ನಂಬಿಲ್ಲ, ಸುಮ್ಮನೆ ತಲೆಯಾಡಿಸಿದ್ದಾರೆ ಎಂದೇ ನಾನು ತಿಳಿಯುತ್ತೇನೆ.

ಈ ಪಾಠಕ್ಕೆ ನಾನು ಬಳಸುವ ಪ್ರಯೋಗಗಳಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ಕ್ಲಿಪ್ಪಿನದನ್ನು ಇಟ್ಟುಕೊಳ್ಳುತ್ತೇನೆ. ಕಾಗದಕ್ಕೆ ಹಾಕುವ ಲೋಹದ ಕ್ಲಿಪ್ಪಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಮೇಜಿಗೆ ಟೇಪಿನಿಂದ ಅಂಟಿಸಿ. ಮೇಲೆ ಪುಸ್ತಕಗಳ ಅಟ್ಟಿಯಿಂದ ಹೊರಚಾಚಿದ ಮರದ ಸ್ಕೇಲಿನ ಕೊನೆಗೆ ಒಂದು ಒಳ್ಳೆಯ ಅಯಸ್ಕಾಂತ. ಕ್ಲಿಪ್ ಅಯಸ್ಕಾಂತವನ್ನು ಮುಟ್ಟದಂತೆ, ನಡುವೆ ಬೆರಳಗಲ ಜಾಗ ಉಳಿಯುವಂತೆ ದಾರದ ಉದ್ದ ಹೊಂದಿಸಿದರೆ, ಕ್ಲಿಪ್ ಗಾಳಿಯಲ್ಲಿ ನೆಟ್ಟಗೆ ನಿಲ್ಲುತ್ತದೆ. ಈಗ ಗೆರೆ ಎಳೆಯಿರಿ, ಚುಕ್ಕೆ ಇಡಿ ಎನ್ನುತ್ತೇನೆ. ದಾರ ಕ್ಲಿಪ್ಪನ್ನು ಹಿಡಿದು ನಿಲ್ಲಿಸಿದೆ ಎಂದು ಮೊದಲು ಬರೆಯುತ್ತಾರೆ. ಯಾವ ದಿಕ್ಕಿಗೆ? ಇಲ್ಲಿ ತರಗತಿ ಸ್ವಲ್ಪ ಹೊತ್ತು ಗದ್ದಲವಾಗುತ್ತದೆ, ಏಕೆಂದರೆ ದಾರ ಎಳೆಯುತ್ತಿರುವುದು ಕೆಳಕ್ಕೆ. ಭೂಮಿಯೂ ಕೆಳಕ್ಕೆ. ಮೇಲಕ್ಕೆ ಎಳೆಯುತ್ತಿರುವುದು ಅಯಸ್ಕಾಂತ ಒಂದೇ, ಅದೂ ಮುಟ್ಟದೆ. ಕತ್ತರಿಯಿಂದ ದಾರ ಕತ್ತರಿಸಿದರೆ ಕ್ಲಿಪ್ ಬೀಳುವುದಿಲ್ಲ, ಮೇಲಕ್ಕೆ ಚಿಮ್ಮಿ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. (ಕತ್ತರಿ ಕಬ್ಬಿಣದ್ದು, ಅಯಸ್ಕಾಂತದ ಹತ್ತಿರ ತರಬೇಡಿ. ಕೆಳಗೆ, ಮೇಜಿನ ಬಳಿ ಕತ್ತರಿಸಿ.)

ದಾರ ಕತ್ತರಿಸುವ ಮೊದಲು ಇನ್ನೊಂದು ಕೆಲಸವಿದೆ. ಆ ಬೆರಳಗಲದ ಜಾಗದಲ್ಲಿ ಕಾಗದ ಸರಿಸಿ, ಪ್ಲಾಸ್ಟಿಕ್ ಸ್ಕೇಲ್ ಸರಿಸಿ, ಕೈಬೆರಳನ್ನೇ ಇಡಿ. ಕ್ಲಿಪ್ ಅಲ್ಲಾಡುವುದಿಲ್ಲ. ಕಬ್ಬಿಣದ ತಗಡನ್ನು ಅಯಸ್ಕಾಂತದ ಹತ್ತಿರಕ್ಕೆ ಸರಿಸಿದರೆ ಕ್ಲಿಪ್ ಟಪ್ಪನೆ ಬೀಳುತ್ತದೆ. ತಗಡನ್ನು ಬಿಗಿಯಾಗಿ ಹಿಡಿಯಬೇಕು, ಇಲ್ಲದಿದ್ದರೆ ಅದೇ ಹೋಗಿ ಅಯಸ್ಕಾಂತಕ್ಕೆ ಕಚ್ಚಿಕೊಳ್ಳುತ್ತದೆ. ಸ್ಟೀಲ್ ಸ್ಕೇಲನ್ನು ನಂಬಬೇಡಿ, ಕೆಲವು ಬಗೆಯ ಸ್ಟೀಲಿಗೆ ಅಯಸ್ಕಾಂತ ಹಿಡಿಯುವುದೇ ಇಲ್ಲ. ಮೊದಲೇ ಪರೀಕ್ಷಿಸಿಟ್ಟುಕೊಳ್ಳಿ.

ಕಾಂತೀಯ ಬಲಕ್ಕೆ ಹೀಗೆ ಅಡ್ಡ ಹಾಕಬಹುದು. ಹಾಗಾದರೆ ಭೂಮಿಗೂ ಸೀಮೆಸುಣ್ಣಕ್ಕೂ ನಡುವೆ ಏನನ್ನು ಇಟ್ಟರೆ ಗುರುತ್ವ ನಿಲ್ಲುತ್ತದೆ? ಮಕ್ಕಳು ತಗಡು, ಗಾಜು, ನೀರು, ಗೋಡೆ ಎಲ್ಲ ಹೇಳಿ ಸೋಲುತ್ತಾರೆ. ಗುರುತ್ವವನ್ನು ತಡೆಯುವ ಪರದೆ ಯಾರಿಗೂ ಸಿಕ್ಕಿಲ್ಲ. ಇನ್ನೊಂದು ವ್ಯತ್ಯಾಸವನ್ನೂ ಅವರಿಂದಲೇ ಹೇಳಿಸುತ್ತೇನೆ: ಅಯಸ್ಕಾಂತ ಎಳೆಯುತ್ತದೆ, ತಳ್ಳುತ್ತದೆ, ಮರವನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಗುರುತ್ವ ಎಲ್ಲವನ್ನೂ ಎಳೆಯುತ್ತದೆ, ಯಾವುದನ್ನೂ ತಳ್ಳುವುದಿಲ್ಲ.

‘ಮುಟ್ಟದೆ ಎಳೆಯುವುದು ಹೇಗೆ?’ ಎಂದು ಕೇಳುವ ಮಗುವನ್ನು ನಾನು ಗದರಿಸಿ ಕೂರಿಸುವುದಿಲ್ಲ. ನಡುವೆ ಏನೂ ಇಲ್ಲದೆ ಒಂದು ವಸ್ತು ದೂರದ ಇನ್ನೊಂದನ್ನು ಎಳೆಯುತ್ತದೆ ಎನ್ನುವುದು ಅಸಂಬದ್ಧ ಎಂದು 1693ರಲ್ಲಿ ಪತ್ರವೊಂದರಲ್ಲಿ ಬರೆದವನು ಸ್ವತಃ ನ್ಯೂಟನ್. ಕ್ಷೇತ್ರದ, ಅಂದರೆ ವಸ್ತುವಿನ ಪ್ರಭಾವ ಅದರ ಸುತ್ತಲಿನ ಜಾಗದಲ್ಲೆಲ್ಲ ಹರಡಿರುತ್ತದೆ ಎಂಬ ಕಲ್ಪನೆ ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ವಿಜ್ಞಾನಿ ಫ್ಯಾರಡೆಯಿಂದ. ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ ಕೆಳಗೆ ಅಯಸ್ಕಾಂತ ಹಿಡಿದರೆ ಸದ್ಯಕ್ಕೆ ಸಾಕಾಗುವಷ್ಟು ಅರ್ಥವಾಗುತ್ತದೆ. ಮೇಜು ಪುಸ್ತಕವನ್ನು ‘ಮುಟ್ಟುವುದು’ ಕೂಡ ಪರಮಾಣುಗಳ ಮಟ್ಟದಲ್ಲಿ ವಿದ್ಯುತ್ ವಿಕರ್ಷಣೆಯೇ (ದೂರ ತಳ್ಳುವಿಕೆಯೇ) ಎಂಬುದನ್ನು ಎಂಟನೆಯ ತರಗತಿಯ ಚುರುಕು ಮಕ್ಕಳಿಗೆ ಮಾತ್ರ, ಅದೂ ಪಾಠ ಮುಗಿದ ಮೇಲೆ ಹೇಳುತ್ತೇನೆ. ಮೊದಲೇ ಹೇಳಿದರೆ ಕಟ್ಟಿದ್ದೆಲ್ಲ ಕಲಸಿಹೋಗುತ್ತದೆ.

ಎರಡು ಹೆಸರಿನ ನಿಯಮ ಗುರುತ್ವದಲ್ಲಿ ಒಂದು ಲಾಭ ಕೊಡುತ್ತದೆ. ಭೂಮಿ ನನ್ನನ್ನು ಎಳೆದರೆ ನಾನೂ ಭೂಮಿಯನ್ನು ಎಳೆಯುತ್ತೇನೆಯೇ? ಹೌದು, ಅಷ್ಟೇ ಬಲದಿಂದ. ಪಕ್ಕದ ಬೆಂಚಿನವನನ್ನು? ಅವನನ್ನೂ. ತಲಾ 60 ಕೆಜಿಯ ಇಬ್ಬರು ಒಂದು ಮೀಟರ್ ಅಂತರದಲ್ಲಿ ನಿಂತರೆ ಆ ಸೆಳೆತ, ಬಲದ ಅಳತೆಮಾನವಾದ ನ್ಯೂಟನ್ ಲೆಕ್ಕದಲ್ಲಿ, ಒಂದು ನ್ಯೂಟನ್ನಿನ ನಲವತ್ತು ಲಕ್ಷದ ಒಂದು ಭಾಗದ ಆಸುಪಾಸು, ಸೊಳ್ಳೆಯ ತೂಕಕ್ಕಿಂತ ಎಷ್ಟೋ ಕಡಿಮೆ. ಇಂಥ ಸೆಳೆತವನ್ನು ಇಂಗ್ಲೆಂಡಿನ ವಿಜ್ಞಾನಿ ಕ್ಯಾವೆಂಡಿಶ್ ಅಳೆದೇಬಿಟ್ಟ. ತಲಾ ಸುಮಾರು 158 ಕೆಜಿಯ ಎರಡು ಸೀಸದ ಗುಂಡುಗಳು, ತಂತಿಯಿಂದ ತೂಗುಬಿಟ್ಟ ದಂಡದ ತುದಿಗಳಲ್ಲಿ ಎರಡು ಸಣ್ಣ ಗುಂಡುಗಳು. ತನ್ನ ಮೈಶಾಖಕ್ಕೆ ಕೋಣೆಯ ಗಾಳಿ ಅಲುಗಾಡಬಾರದೆಂದು ಹೊರಗೆ ನಿಂತು ದಂಡ ಎಷ್ಟು ತಿರುಗಿತೆಂದು ದೂರದರ್ಶಕದಲ್ಲಿ ಓದಿಕೊಂಡ, 1798ರಲ್ಲಿ ಫಲಿತಾಂಶ ಪ್ರಕಟಿಸಿದ. ಲೆಕ್ಕಕ್ಕಿಂತ ಈ ಹೊರಗೆ ನಿಂತ ಸಂಗತಿ ಮಕ್ಕಳ ನೆನಪಿನಲ್ಲಿ ಉಳಿಯುತ್ತದೆ.

ಎರಡು ಗಟ್ಟಿ ತಪ್ಪುಕಲ್ಪನೆಗಳಿವೆ. ಗಾಳಿ ಒತ್ತುವುದರಿಂದ ವಸ್ತು ಬೀಳುತ್ತದೆ ಎಂಬುದು ಒಂದು. 1971ರಲ್ಲಿ ಅಪೋಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಗಾಳಿಯೇ ಇಲ್ಲದ ಚಂದ್ರನ ಮೇಲೆ ಸುತ್ತಿಗೆ ಮತ್ತು ಗರಿಯನ್ನು ಒಟ್ಟಿಗೆ ಬಿಟ್ಟ ವಿಡಿಯೊ ತೋರಿಸಿದರೆ ಆಯಿತು: ಎರಡೂ ಬಿದ್ದವು, ಒಟ್ಟಿಗೇ ಬಿದ್ದವು. ಎರಡನೆಯದು, ಬಾಹ್ಯಾಕಾಶದಲ್ಲಿ ಗುರುತ್ವವಿಲ್ಲ ಎಂಬುದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವ ಸುಮಾರು 400 ಕಿ.ಮೀ. ಎತ್ತರದಲ್ಲಿ ಗುರುತ್ವ ನೆಲದ ಮೇಲಿನದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಇದ್ದೇ ಇದೆ. ನಿಲ್ದಾಣವೂ ಒಳಗಿರುವವರೂ ಒಟ್ಟಿಗೆ ಬೀಳುತ್ತಿದ್ದಾರೆ. ಪಕ್ಕಕ್ಕೆ ಅಷ್ಟು ವೇಗವಿರುವುದರಿಂದ ನೆಲಕ್ಕೆ ತಾಗುವುದಿಲ್ಲ. ಇದಕ್ಕೆ ಅಂಗಳಕ್ಕೆ ಹೋಗಬೇಕು. ಪ್ಲಾಸ್ಟಿಕ್ ಬಾಟಲಿಯ ಬುಡದ ಬಳಿ ತೂತು ಮಾಡಿ ನೀರು ತುಂಬಿ, ಮುಚ್ಚಳ ತೆಗೆದಿಡಿ. ನೀರು ಚಿಮ್ಮುತ್ತದೆ. ಎತ್ತರದಿಂದ ಬಾಟಲಿಯನ್ನು ಬಿಟ್ಟರೆ ಬಾಟಲಿಯೂ ನೀರೂ ಒಟ್ಟಿಗೆ ಬೀಳುವುದರಿಂದ, ಬೀಳುವಷ್ಟು ಹೊತ್ತೂ ಚಿಮ್ಮುವುದು ನಿಲ್ಲುತ್ತದೆ. ಮೇಲಕ್ಕೆ ಎಸೆದರೆ? ಕೈ ಬಿಟ್ಟ ಕೂಡಲೇ, ಏರುವಾಗಲೂ ನಿಲ್ಲುತ್ತದೆ. ಫೋನಿನ ನಿಧಾನಗತಿ ವಿಡಿಯೊದಲ್ಲಿ ಹಿಡಿದು ಮತ್ತೆ ಮತ್ತೆ ನೋಡಬಹುದು.

ದ್ರವ್ಯರಾಶಿ (ವಸ್ತುವಿನಲ್ಲಿ ಎಷ್ಟು ದ್ರವ್ಯವಿದೆ ಎಂಬುದು), ತೂಕ (ಅದನ್ನು ಗುರುತ್ವ ಎಳೆಯುವ ಬಲ) ಇವೆರಡರ ವ್ಯತ್ಯಾಸಕ್ಕೆ ಒಂದೇ ಪ್ರಶ್ನೆ ಬರೆಯಲು ಕೊಡುತ್ತೇನೆ. ಒಂದು ಕೆಜಿಯ ಕಲ್ಲನ್ನು ಚಂದ್ರನ ಮೇಲೆ ಸ್ಪ್ರಿಂಗ್ ತ್ರಾಸಿಗೆ ತೂಗುಹಾಕಿದರೆ ಎಷ್ಟು ತೋರಿಸುತ್ತದೆ, ಎರಡು ತಟ್ಟೆಯ ತಕ್ಕಡಿಯಲ್ಲಿ ಎಷ್ಟು ಬರುತ್ತದೆ? ಮೊದಲನೆಯದು ಸುಮಾರು 160 ಗ್ರಾಂ, ಎರಡನೆಯದು ಒಂದು ಕೆಜಿಯೇ. ಉತ್ತರಕ್ಕೆ ನಾನು ಅಂಕ ಕೊಡುವುದು ಕಡಿಮೆ. ಚಂದ್ರ ಕಲ್ಲನ್ನೂ ಎಳೆಯುತ್ತಾನೆ, ಇನ್ನೊಂದು ತಟ್ಟೆಯ ತೂಕದ ಬಟ್ಟನ್ನೂ ಎಳೆಯುತ್ತಾನೆ ಎಂದು ಬರೆದವರಿಗೆ ಉಳಿದದ್ದೆಲ್ಲ.